ಟಿಕೆಟ್ಟಿನ ಹಿಂದೆ ಬರೆದ ಚಿಲ್ಲರೆ

ಸಕಲೇಶಪುರ
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಬುಧವಾರ ಫೋನಿನಲ್ಲಿ ನೀನಂದ ಮಾತು ಇನ್ನೂ ತಲೆ ಕೊರೆಯುತ್ತಿದೆ. "ದೇವರು ಕರೆದಾಗ ನಾನು ಓಗೊಡಲಿಲ್ಲ ಅನ್ಸುತ್ತಪ್ಪ. ಈಗ ನೋಡು, ಕಂಡಕ್ಟರಾಗಿ ಬೆಳಗಿನಿಂದ ರಾತ್ರಿವರೆಗೂ ಬಸ್ಸಿನಲ್ಲಿ ಚಿಲ್ಲರೆಗೆ ಜಗಳ." ಆಗ ನನ್ನ ಬಾಯಿಗೆ ಉತ್ತರ ಬರಲಿಲ್ಲ. ಮೂವತ್ತು ವರ್ಷ ಕಾಫಿ ತೋಟದಲ್ಲಿ ರೈಟರಾಗಿ ಕೂಲಿಯವರ ಹಾಜರಿ-ಬಟವಾಡೆಯ ಚೆಕ್‌ರೋಲ್ ಬರೆದವನು ನಾನು, ಪೆನ್ನು ಹಿಡಿದರೇ ನನಗೆ ಮಾತು ಹೊರಡುವುದು.

ಇವತ್ತು ಚರ್ಚಿನಲ್ಲಿ ದೈವಕರೆಯ ಭಾನುವಾರ. ಒಳ್ಳೆಯ ಕುರಿಗಾಹಿಯ ಶುಭಸಂದೇಶ ಓದಿದರು. ಗುರುಗಳಾಗಲು, ಸಿಸ್ಟರ್‌ಗಳಾಗಲು ನಮ್ಮ ಮಕ್ಕಳು ಮುಂದೆ ಬರಲಿ ಅಂತ ಎಲ್ಲರೂ ಸೇರಿ ಬೇಡಿಕೊಂಡೆವು. ಬೇಡಬೇಕಾದದ್ದೇ. ಆದರೆ ಬೆಂಚಿನ ಮೇಲೆ ಕೂತಿದ್ದ ನಮ್ಮನ್ನೆಲ್ಲ ದೇವರು ಯಾತಕ್ಕೂ ಕರೆದೇ ಇಲ್ಲವೇನೋ ಅನ್ನುವ ಹಾಗಿತ್ತು ಆ ಪ್ರಾರ್ಥನೆ. ಜಗದ್ಗುರು, ಅಂದರೆ ಪೋಪ್, ಆರನೇ ಪೌಲರು ಈ ದಿನವನ್ನು ಶುರು ಮಾಡಿದ್ದು 1964ರಲ್ಲಿ. ಅದೇ ವರ್ಷ ನವೆಂಬರಿನಲ್ಲಿ ವ್ಯಾಟಿಕನ್ ಮಹಾಸಭೆ ಧರ್ಮಸಭೆಯ ಬಗ್ಗೆ ಹೊರಡಿಸಿದ ದಸ್ತಾವೇಜಿನಲ್ಲಿ, ಪವಿತ್ರರಾಗಿ ಬಾಳುವ ಕರೆ ಎಲ್ಲರಿಗೂ ಇದೆ ಅಂತ ಹೇಳುವುದಕ್ಕೇ ಒಂದು ಪೂರ್ತಿ ಅಧ್ಯಾಯ ಇದೆ. ಗಂಡಹೆಂಡಿರು, ವಿಧವೆಯರು, ಮೈಮುರಿದು ದುಡಿಯುವವರು ಎಲ್ಲರೂ ಅದರಲ್ಲಿದ್ದಾರೆ. ಮೊದಲನೆಯದು ನಮಗೆ ವರ್ಷಕ್ಕೊಮ್ಮೆ ನೆನಪಾಗುತ್ತದೆ. ಎರಡನೆಯದು ಕಪಾಟಿನಲ್ಲಿ ಕೂತಿದೆ. ಸಿಎಸ್‌ಐ ಚರ್ಚಿಗೆ ಹೋಗುವ ನನ್ನ ಪ್ರಾಟೆಸ್ಟೆಂಟ್ ಗೆಳೆಯನಿಗೆ ಇದನ್ನು ಹೇಳಿದರೆ, "ನಮ್ಮ ಲೂಥರ್ ಇದನ್ನು ನಿಮಗಿಂತ ನಾನೂರು ವರ್ಷ ಮೊದಲೇ ಹೇಳಿದ್ದನಲ್ಲ ಮಾರಾಯ" ಅಂತ ನಗುತ್ತಾನೆ. ನಗಲಿ ಬಿಡು.

ನೀನು ಪಿಯುಸಿ ಮುಗಿಸಿ ಕಾನ್ವೆಂಟಿಗೆ ಹೋಗಿ, ಎರಡೇ ತಿಂಗಳಿಗೆ ವಾಪಸ್ ಬಂದದ್ದು ಅಮ್ಮ ಹಾಸಿಗೆ ಹಿಡಿದಳು ಅಂತ. ಕಾಗದ ಬರೆದು ಕರೆಸಿದವನು ನಾನೇ. ಹಾಗಾಗಿ ನೀನು ಓಗೊಡಲಿಲ್ಲ ಅಂದಾಗಲೆಲ್ಲ ಅದು ನನಗೂ ತಗಲುತ್ತದೆ ಕಣಮ್ಮ.

ಬೈಬಲ್ಲಿನಲ್ಲಿ ಲೂಕನ ಶುಭಸಂದೇಶದ ಮೂರನೇ ಅಧ್ಯಾಯ ತೆಗೆದು ನೋಡು. ಸ್ನಾನಿಕ ಯೊವಾನ್ನನ ಹತ್ತಿರ ಸುಂಕದವರು ಬಂದು, ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಸುಂಕದ ಕಟ್ಟೆ ಬಿಟ್ಟು ನನ್ನ ಜೊತೆ ಮರುಭೂಮಿಗೆ ಬನ್ನಿ ಅಂತ ಅವನು ಹೇಳುವುದಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಅನ್ನುತ್ತಾನೆ, ಅಷ್ಟೇ. ಸಿಪಾಯಿಗಳು ಕೇಳಿದರೆ, ಯಾರಿಂದಲೂ ಹೆದರಿಸಿ ಕಿತ್ತುಕೊಳ್ಳಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಅನ್ನುತ್ತಾನೆ. ಎಷ್ಟೋ ವರ್ಷ ಓದಿಯೂ ನಾನು ಇದನ್ನು ದಾಟಿಕೊಂಡು ಹೋಗಿದ್ದೆ. ಅದು ನನಗೆ ಹೇಳಿದ ಮಾತು ಅಂತ ಗೊತ್ತಾದದ್ದು ಒಬ್ಬ ಮುದುಕಿಯಿಂದ.

ನಿನಗೆ ಈ ಕತೆ ಹೇಳಿಲ್ಲ. ನೀನಾಗ ಅಂಗನವಾಡಿಗೆ ಹೋಗುತ್ತಿದ್ದೆ. ಜನವರಿ, ಹಣ್ಣು ಕೊಯ್ಲಿನ ಸುಗ್ಗಿ. ಬಯಲುಸೀಮೆಯಿಂದ ಬಂದ ಗುಂಪು ಲೈನ್ ಮನೆಗಳಲ್ಲಿತ್ತು. ಕೆಜಿ ಲೆಕ್ಕದ ಕೂಲಿ. ಸಂಜೆ ಕಣದ ಹತ್ತಿರ ತಕ್ಕಡಿ ಕಟ್ಟಿ ಒಂದೊಂದೇ ಚೀಲ ತೂಗಿ ನಾನು ಬರೆದುಕೊಳ್ಳುತ್ತಿದ್ದೆ. ಗೋಣಿಯ ತೂಕ ಅಂತ ಚೀಲಕ್ಕೆ ಎರಡು ಕೆಜಿ ವಜಾ. ಅದು ಹಿಂದಿನ ರೈಟರ ಕಾಲದಿಂದ ಬಂದ ಪದ್ಧತಿ, ಮ್ಯಾನೇಜರ ಮಾತು, ನನಗದು ಲೆಕ್ಕದ ಒಂದು ಸಾಲು. ಒಂದು ಸಂಜೆ ಆ ಮುದುಕಿ ತನ್ನ ಹಣ್ಣು ಸುರಿದು, ಖಾಲಿ ಗೋಣಿಚೀಲವನ್ನು ಮಡಚಿ ತಕ್ಕಡಿಗೆ ಹಾಕಿ, "ರೈಟ್ರೇ, ಇದನ್ನೊಂದು ಸಲ ತೂಗ್ಬಿಡಿ" ಅಂದಳು. ಮುಳ್ಳು ಒಂದು ಕೆಜಿಯನ್ನೂ ಮುಟ್ಟಲಿಲ್ಲ. ಸಾಲಿನಲ್ಲಿ ನಿಂತವರೆಲ್ಲ ಸುಮ್ಮನಾದರು. ನಾನು ಏನು ಮಾಡಿದೆ ಗೊತ್ತಾ? ಅವಳಿಗೆ ಬೈದೆ. ಹೊತ್ತಾಯ್ತು, ಚೀಲ ತೆಗಿ ಅಂತ ಬೈದೆ.

ಮನೆಗೆ ಬಂದು ಜಪಸರ ಹಿಡಿದರೆ ಅರ್ಧಕ್ಕೇ ನಿಂತಿತು. ಆಗ ನಾನು ಚರ್ಚಿನ ಗಾಯನ ತಂಡದಲ್ಲಿದ್ದೆ, ಊರಿನಲ್ಲಿ ಭಕ್ತನೆಂಬ ಹೆಸರು ಬೇರೆ. ಶನಿವಾರ ಪಾಪನಿವೇದನೆಗೆ ಹೋದೆ. ಸ್ವಾಮಿಗಳು ಪೂರ್ತಿ ಕೇಳಿದ ಮೇಲೆ, ಹತ್ತು ನಮೋ ಮರಿಯಾ ಹೇಳು ಅನ್ನಲಿಲ್ಲ. "ಎಲ್ಲ ಸೇರಿ ಎಷ್ಟು ಕೆಜಿ ಆಗಿರಬಹುದು?" ಅಂದರು. ಎಷ್ಟು ಅಂತ ನಾನು ಲೆಕ್ಕ ಹಾಕಿಯೇ ಇರಲಿಲ್ಲ. ಆ ರಾತ್ರಿ ಹಳೇ ಪುಸ್ತಕಗಳನ್ನು ಹರವಿಕೊಂಡು ಕೂತೆ. ಮೋಸದಿಂದ ತಗೊಂಡದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಅಂದ ಬೈಬಲ್ಲಿನ ಸುಂಕದ ಜಕ್ಕಾಯನ ಮಾತು ದೇವಾಲಯದಲ್ಲಿ ಕೂತು ಕೇಳುವಾಗ ಇಂಪಾಗಿರುತ್ತದೆ, ಕೂಡಿಸಿ ನೋಡುವಾಗ ಹಾಗಿರುವುದಿಲ್ಲ.

ಸೋಮವಾರದಿಂದ ಚೀಲ ಎಷ್ಟು ತೂಗುತ್ತದೋ ಅಷ್ಟೇ ವಜಾ ಹಾಕಿದೆ. ಆ ವರ್ಷ ನನಗೆ ಬೋನಸ್ ಸಿಗಲಿಲ್ಲ. ಯಾಕೆಂದು ನಿನ್ನ ಅಮ್ಮನಿಗೆ ಹೇಳಲಿಲ್ಲ, ಕಿವಿಯೋಲೆ ಅಡವಿಟ್ಟು ನಿನ್ನ ಜ್ವರಕ್ಕೆ ಔಷಧಿ ತಂದೆವು. ನನ್ನ ಕೈಯಿಂದಾದಷ್ಟು ದುಡ್ಡನ್ನು ಬಟವಾಡೆಯ ದಿನ ಒಬ್ಬೊಬ್ಬರಿಗೂ ಸ್ವಲ್ಪ ಸ್ವಲ್ಪ ಸೇರಿಸಿ ಕೊಟ್ಟೆ. ಆ ಮುದುಕಿ ಮಾತ್ರ ಅಷ್ಟರಲ್ಲಿ ಊರಿಗೆ ಹೋಗಿಬಿಟ್ಟಿದ್ದಳು. ಮುಂದಿನ ಸುಗ್ಗಿಗೂ ಬರಲಿಲ್ಲ. ಅವಳ ಲೆಕ್ಕ ಇನ್ನೂ ಬಾಕಿ ಇದೆ.

ದೈವಕರೆ ಅಂದರೆ ಸಮುವೇಲನಿಗೆ ಬಂದ ಹಾಗೆ ರಾತ್ರಿ ಹೆಸರು ಹಿಡಿದು ಬರುವ ದನಿ ಅಂದುಕೊಂಡಿದ್ದೆ. ನನಗೆ ಬಂದದ್ದು ಕಿರಿಕಿರಿಯ ಹಾಗೆ, ಕೆಲಸದ ನಡುವೆ, ಬೈಸಿಕೊಂಡೇ ಬಂತು.

ಬೈಬಲ್ಲಿನ ಸಂತ ಪೌಲನ ಮಾತನ್ನೂ ಯಾರಾದರೂ ನಿನಗೆ ಹೇಳಬಹುದು. ಕರೆ ಬಂದಾಗ ಯಾವ ಸ್ಥಿತಿಯಲ್ಲಿದ್ದೆಯೋ ಅದರಲ್ಲೇ ಇರು ಅಂತ ಕೊರಿಂಥದವರಿಗೆ ಬರೆದಿದ್ದಾನೆ. ಇದೇ ಮಾತಿನಿಂದ ಕೂಲಿಯವರ ಬಾಯಿ ಮುಚ್ಚಿಸಿದವರನ್ನು ನಾನು ನೋಡಿದ್ದೇನೆ. ಅದರ ಮರುವಚನವನ್ನು ಅವರು ಓದುವುದಿಲ್ಲ. ಗುಲಾಮನಿಗೆ ಬಿಡುಗಡೆಯ ಅವಕಾಶ ಸಿಕ್ಕರೆ ಬಳಸಿಕೊಳ್ಳಲಿ ಅಂತ ಅವನೇ ಅಂದಿದ್ದಾನೆ. ಹಾಗಾಗಿ ನೀನು ಇಲಾಖೆಯ ಪರೀಕ್ಷೆ ಕಟ್ಟು. ಕಂಡಕ್ಟರಾಗಿಯೇ ಇರಬೇಕು ಅಂತ ನಾನು ಹೇಳುತ್ತಿಲ್ಲ. ಕಾನ್ವೆಂಟಿನ ಕಡೆ ಮನಸ್ಸು ಇನ್ನೂ ಎಳೆಯುತ್ತಿದ್ದರೆ ಹೋಗು, ಈ ಸಲ ಕಾಗದ ಬರೆದು ಕರೆಸುವುದಿಲ್ಲ. ಬೇಲೂರು ಬಸ್ಸಿನಲ್ಲಿ ಚೀಲ ತೊಟ್ಟು ನಿಂತಿರುವಾಗ ದೇವರು ಬೇರೆಲ್ಲೋ ಕಾಯುತ್ತಿದ್ದಾನೆ ಅಂದುಕೊಳ್ಳಬೇಡ ಅನ್ನುತ್ತಿದ್ದೇನೆ. ಅಣೆಕಟ್ಟು ಬಂದು ಊರು ಖಾಲಿಯಾದ ಶೆಟ್ಟಿಹಳ್ಳಿಯ ಚರ್ಚು ಹೇಮಾವತಿಯ ನೀರಿನಲ್ಲಿ ಅರ್ಧ ಮುಳುಗಿದ್ದು ನೋಡಿ, ದೇವರು ನೆನೆಯಲ್ವಾ ಅಂತ ನೀನು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ ನಿನ್ನ ತಾತ ಏನಂದಿದ್ದರು? "ಅವನು ನಮ್ಮ ಜೊತೆಗೇ ಲಾರಿ ಹತ್ತಿದ ಕಣೇ."

ಕಾಸಿಲ್ಲದ ಟಿಕೆಟ್ಟಿನ ಹೆಂಗಸರ ಬಗ್ಗೆ ಅವತ್ತು ನೀನು ಗೊಣಗಿದೆ. ಹೆಂಗಸರಿಗೆ ಉಚಿತ ಪ್ರಯಾಣ ಶುರುವಾದ 2023ರ ಜೂನಿನಿಂದ ನಿನ್ನ ಕೆಲಸ ಹೆಚ್ಚಾಗಿದೆ, ಗೊತ್ತು. ಆದರೆ ಆಧಾರ್ ಹುಡುಕುತ್ತಾ ಸೆರಗಿನ ಗಂಟು ಬಿಚ್ಚುವ ಅಜ್ಜಿಯನ್ನು ಕಂಡಾಗಲೆಲ್ಲ ನನಗೆ ಆ ತಕ್ಕಡಿ ಮುಂದೆ ನಿಂತವಳದೇ ಮುಖ. ಅವಳಿಗೊಂದು ನಿಮಿಷ ಹೆಚ್ಚು ಕೊಡು.

ಅಮ್ಮ ಮಾವಿನಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ರಜೆ ಸಿಕ್ಕಾಗ ಬಂದು ಒಯ್ಯಿ. ಇನ್ನೊಂದು ವಿಷಯ. ಹೋದ ತಿಂಗಳು ನಾನು ನಿನ್ನ ಬಸ್ಸು ಹತ್ತಿದಾಗ ಚಿಲ್ಲರೆ ಇಲ್ಲ ಅಂತ ಟಿಕೆಟ್ಟಿನ ಹಿಂದೆ ಎಂಟು ರೂಪಾಯಿ ಬರೆದುಕೊಟ್ಟೆಯಲ್ಲ, ಇಳಿಯುವಾಗ ಗದ್ದಲದಲ್ಲಿ ನೀನೂ ಮರೆತೆ, ನಾನೂ ಮರೆತೆ. ಟಿಕೆಟ್ಟು ಬೈಬಲ್ಲಿನೊಳಗಿದೆ. ಬರುವಾಗ ಎಂಟು ರೂಪಾಯಿ ತಾ.

ನಿನ್ನ ಅಪ್ಪ