ಕಣ್ಣಿನ ಗೂಡಿನೊಳಗೆ ಜೀವ ಹರಿಸಿದವರಿಗೆ

'ಇನ್ನು ವರ್ಷಕ್ಕೊಂದು ಸಲ ಬಂದರೆ ಸಾಕು' ಅಂತ ಡಾಕ್ಟರ್ ಹೇಳಿದ್ದಾರೆ. ತೆಗೆದ ಕಣ್ಣುಗುಡ್ಡೆಯ ಜಾಗದಲ್ಲಿ ಇಟ್ಟ ಇಂಪ್ಲಾಂಟ್ ಗಟ್ಟಿಯಾಗಿ ಕೂತಿದೆ, ಅದರ ಮುಂಭಾಗದ ಗಾಯ ಪೂರ್ತಿ ಮಾಗಿದೆ. ಇಷ್ಟಾದ ಮೇಲೂ ಧನ್ಯವಾದ ಹೇಳದೆ ಸುಮ್ನೆ ಇರೋಕೆ ನನ್ನಿಂದ ಆಗಲ್ಲ.

ನೋಡಿದವರೆಲ್ಲ ಹೊರಗಿನ ಕೃತಕ ಕಣ್ಣನ್ನು ಹೊಗಳುತ್ತಾರೆ. ಹೊಗಳಬೇಕಾದ್ದೇ. ಅದನ್ನು ಮಾಡಿದವರು ನನ್ನನ್ನು ಎದುರಿಗೆ ಕೂರಿಸಿಕೊಂಡು, ಇನ್ನೊಂದು ಕಣ್ಣನ್ನು ಮತ್ತೆ ಮತ್ತೆ ನೋಡಿ ಬಣ್ಣ ಹಾಕಿದರು. ಬಿಳಿ ಭಾಗದ ಮೇಲೆ ಕೆಂಪು ರೇಷ್ಮೆ ನೂಲಿನ ಎಳೆಗಳನ್ನು ಒಂದೊಂದಾಗಿ ಇಟ್ಟು ರಕ್ತನಾಳ ಮೂಡಿಸಿದರು. ಅವರಿಗೆ ಕೈ ಮುಗಿಯುತ್ತೇನೆ. ಆದರೆ ನನ್ನ ಕಷ್ಟ ಇದ್ದದ್ದು ಅದರ ಹಿಂದೆ, ಯಾರಿಗೂ ಕಾಣದ ಜಾಗದಲ್ಲಿ. ಅಲ್ಲಿ ದುಡಿದವರ ಬಗ್ಗೆ ಹೇಳೋರು ಕಮ್ಮಿ.

ಪೆಟ್ಟು ಬಿದ್ದು ಕಣ್ಣುಗುಡ್ಡೆ ತೆಗೆಯಬೇಕಾಗಿ ಬಂದಾಗ ಆ ಜಾಗಕ್ಕೆ ದುಂಡನೆಯ ಇಂಪ್ಲಾಂಟ್ ಇಟ್ಟರು. ಉಪಾಯ ಹಳೆಯದೇ. 1885ರಷ್ಟು ಹಿಂದೆಯೇ ಇಂಗ್ಲೆಂಡಿನ ವೈದ್ಯ ಫಿಲಿಪ್ ಮ್ಯೂಲ್ಸ್ ಗಾಜಿನ ಗೋಲಿ ಇಡುವುದನ್ನು ತೋರಿಸಿಕೊಟ್ಟಿದ್ದರು. ಗಾಜಿನೊಳಗೆ ದೇಹದ ಅಂಗಾಂಶ ಬೆಳೆಯೋಕೆ ಆಗಲ್ಲ ಅಲ್ವಾ? ನೂರು ವರ್ಷದ ನಂತರ, 1985ರಲ್ಲಿ, ಆರ್ಥರ್ ಪೆರಿ ಹವಳದಿಂದ ತಯಾರಾದ ಹೈಡ್ರಾಕ್ಸಿಅಪಟೈಟ್ ಇಂಪ್ಲಾಂಟ್ ಬಳಕೆಗೆ ತಂದರು. ನಮ್ಮ ಮೂಳೆಯಲ್ಲಿರುವ ಖನಿಜದಂಥದ್ದೇ ವಸ್ತು ಅದು. ಮೈತುಂಬ ರಂಧ್ರ, ಒಂದೊಂದೂ ಸುಮಾರು ಅರ್ಧ ಮಿಲಿಮೀಟರ್. ಎಲ್ಲವೂ ಒಳಗೊಳಗೇ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಆ ದಾರಿ ಹಿಡಿದು ನಮ್ಮದೇ ಅಂಗಾಂಶ, ರಕ್ತನಾಳ ಒಳಗೆ ಬೆಳೆಯುತ್ತವೆ. ನನಗಿಟ್ಟದ್ದು ಇಂಥದ್ದನ್ನೇ.

ಕೃತಕ ಕಣ್ಣು ಹಾಕಿಕೊಂಡು ಓಡಾಡಲು ಶುರುಮಾಡಿ ಕೆಲವು ತಿಂಗಳಾಗಿತ್ತು. ಒಂದು ದಿನ ತೊಳೆಯಲು ತೆಗೆದಾಗ ಗುಲಾಬಿ ಪೊರೆಯ ನಡುವೆ ಸಾಸಿವೆಯಷ್ಟು ಬಿಳಿ ಕಂಡಿತು. ಮುಟ್ಟಿದರೆ ನೋವಿಲ್ಲ. ಮುಂಭಾಗದ ಪೊರೆ ತೆಳುವಾಗಿ ಬಿಟ್ಟುಕೊಂಡು ಇಂಪ್ಲಾಂಟ್ ಹೊರಗೆ ಇಣುಕುತ್ತಿತ್ತು. ರಂಧ್ರಗಳಿಗೆ ಸೋಂಕು ಹೊಕ್ಕರೆ ಇಡೀ ಇಂಪ್ಲಾಂಟನ್ನೇ ತೆಗೆಯಬೇಕಾಗಬಹುದು ಅಂತ ಗೊತ್ತಾದಾಗ ನನ್ನ ಕೈಕಾಲು ತಣ್ಣಗಾಯಿತು. ಇನ್ನೊಂದು ಸಲ ಮೊದಲಿಂದ ಎಲ್ಲವನ್ನೂ ಎದುರಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ನನ್ನನ್ನು ಉಳಿಸಿದ್ದು ಮೊದಲ ಆಪರೇಷನ್‌ನಲ್ಲೇ ಡಾಕ್ಟರ್ ಮಾಡಿಟ್ಟಿದ್ದ ಒಂದು ಕೆಲಸ. ಇಂಪ್ಲಾಂಟಿನ ಸುತ್ತ ದಾನಿಯೊಬ್ಬರ ಸ್ಕ್ಲೀರಾ, ಅಂದರೆ ಕಣ್ಣಿನ ಹೊರಗಿನ ಬಿಳಿ ಗೋಡೆ, ಹೊದಿಸಿದ್ದರು. ಆ ಹೊದಿಕೆಯಲ್ಲಿ ಚಿಕ್ಕ ಚಿಕ್ಕ ಕಿಟಕಿ ಕತ್ತರಿಸಿ, ಕಣ್ಣನ್ನು ಆಡಿಸುವ ಸ್ನಾಯುಗಳನ್ನು ಸರಿಯಾಗಿ ಆ ಕಿಟಕಿಗಳ ಬಳಿಯೇ ತಂದು ಹೊಲಿದಿದ್ದರು. ಕಿಟಕಿಯ ಕೆಳಗೆ ಇಂಪ್ಲಾಂಟಿನ ಮೈಗೆ ಸಣ್ಣ ತೂತುಗಳನ್ನೂ ಕೊರೆದಿದ್ದರು. ಸ್ನಾಯುವಿನಲ್ಲಿ ರಕ್ತ ಧಾರಾಳವಾಗಿ ಹರಿಯುತ್ತದೆ. ಅಲ್ಲಿಂದ ಹೊಸ ನಾಳಗಳು ನೇರ ಒಳಗಿಳಿಯಲಿ ಅಂತ ಈ ಏರ್ಪಾಡು. ಹಾಳೆಯ ಮೇಲೆ ಚಿತ್ರ ಬರೆದು ನನಗೆ ಇದನ್ನೆಲ್ಲ ಬಿಡಿಸಿ ಹೇಳಿದರು. ಆ ಹಾಳೆ ಇನ್ನೂ ನನ್ನ ಫೈಲ್‌ನಲ್ಲಿದೆ.

ರಕ್ತನಾಳ ಎದ್ದು ಕಾಣಿಸುವ ಔಷಧಿ ಚುಚ್ಚಿ ಎಂಆರ್‌ಐ ಸ್ಕ್ಯಾನ್ ಮಾಡಿಸಿದರು. ರಕ್ತನಾಳ ತಲುಪಿದ ಭಾಗ ಅದರಲ್ಲಿ ಬೆಳ್ಳಗೆ ಹೊಳೆಯುತ್ತದೆ. ಬೆಳವಣಿಗೆ ಅಂಚಿನಿಂದ ನಡುವಿಗೆ ಸಾಗುವುದರಿಂದ ನಡು ಕಪ್ಪಾಗಿದ್ದರೆ ಚಿಂತೆ. ನನ್ನದು ನಡುವಿನವರೆಗೂ ಹೊಳೆಯುತ್ತಿತ್ತು! 'ಒಳಗೆ ರಕ್ತ ಓಡಾಡ್ತಾ ಇದೆ, ಇದನ್ನ ಉಳಿಸಿಕೊಳ್ಳಬಹುದು' ಅಂದರು. ಕಿವಿಯ ಮೇಲ್ಭಾಗದ ಸ್ನಾಯುವಿನ ಮೇಲಿರುವ ತೆಳುಪೊರೆ ತೆಗೆದು ತೇಪೆ ಹಾಕಿದರು. ಕೆಳಗಿನಿಂದ ರಕ್ತ ಸಿಕ್ಕಿ ತೇಪೆ ಹಿಡಿದುಕೊಂಡಿತು.

ಡಾಕ್ಟರ್, ಹೊರಗೆ ಕಾಣದ ಕೆಲಸಕ್ಕೆ ನೀವು ಕೊಟ್ಟ ಗಮನಕ್ಕೆ ನಾನು ಋಣಿ. ಡ್ರೆಸಿಂಗ್ ಬಿಚ್ಚುವಾಗಲೆಲ್ಲ 'ಈಗ ಸ್ವಲ್ಪ ಎಳೆದ ಹಾಗೆ ಆಗತ್ತೆ' ಅಂತ ಮುಂಚೆಯೇ ಹೇಳುತ್ತಿದ್ದ ಸಿಸ್ಟರ್, ನಿಮಗೂ. ಹೊತ್ತು ತಪ್ಪದೆ ಡ್ರಾಪ್ಸ್ ಹಾಕಿದ ಮನೆಯವರಿಗೂ.

ಸ್ಕ್ಲೀರಾ ಕೊಟ್ಟ ದಾನಿಯ ಮನೆಯವರೇ, ನೀವು ಯಾರೋ ನನಗೆ ಗೊತ್ತಿಲ್ಲ. ನೇತ್ರದಾನ ಅಂದರೆ ಜನ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ಒಂದನ್ನೇ ನೆನೆಯುತ್ತಾರೆ. ಉಳಿದ ಬಿಳಿ ಭಾಗವೂ ನನ್ನಂಥವರಿಗೆ ಆಸರೆಯಾಗುತ್ತದೆ. ನಿಮ್ಮ ದುಃಖದ ಹೊತ್ತಿನಲ್ಲಿ 'ಆಗಲಿ' ಅಂದಿರಲ್ಲ, ಅದನ್ನು ನಾನು ಮರೆಯುವುದಿಲ್ಲ. ನನ್ನ ಹೆಸರನ್ನೂ ನೇತ್ರದಾನಕ್ಕೆ ಬರೆಸಿದ್ದೇನೆ.

ಕೊನೆಗೆ, ಇಂಪ್ಲಾಂಟಿನೊಳಗೆ ರಕ್ತನಾಳ ಬೆಳೆಯುವುದನ್ನು ಇನ್ನೂ ಬೇಗ, ಇನ್ನೂ ಚೆನ್ನಾಗಿ ಆಗಿಸಲು ಪ್ರಯೋಗ ಮಾಡುತ್ತಿರುವವರಿಗೆ. ರಂಧ್ರದ ಅಳತೆ, ಮೇಲ್ಮೈಯ ಲೇಪ, ರಕ್ತನಾಳ ಚಿಗುರಿಸುವ ಪ್ರೋಟೀನ್ ಹೀಗೆ ಒಂದೊಂದನ್ನೂ ಬಿಡದೆ ಪರೀಕ್ಷಿಸುತ್ತಿದ್ದೀರಿ. ಆ ಪ್ರಯೋಗಗಳಲ್ಲಿ ಜೀವ ತೆತ್ತ ಮೊಲಗಳನ್ನೂ ನೆನೆಯುತ್ತೇನೆ. ನನ್ನ ಗೂಡಿನಲ್ಲಿ ರಕ್ತದ ಹರಿವು ಚೆನ್ನಾಗಿತ್ತು, ಗೆದ್ದೆ. ಕಣ್ಣಿನ ಕ್ಯಾನ್ಸರ್‌ಗೆ ರೇಡಿಯೇಶನ್ ತೆಗೆದುಕೊಂಡ ಮಕ್ಕಳಿಗೆ ಹಾಗಲ್ಲ. ಅವರಲ್ಲಿ ಅಂಗಾಂಶ ಬೆಳೆಯುವುದು ನಿಧಾನ, ತೊಡಕೂ ಜಾಸ್ತಿ. ಅವರಿಗಾಗಿ ದಯವಿಟ್ಟು ಈ ಕೆಲಸ ಮುಂದುವರಿಸಿ. ನನ್ನ ಸ್ಕ್ಯಾನ್, ರಿಪೋರ್ಟ್ ಎಲ್ಲವನ್ನೂ ಅಧ್ಯಯನಕ್ಕೆ ಬಳಸಿಕೊಳ್ಳಿ ಅಂತ ಡಾಕ್ಟರ್‌ಗೆ ಬರೆದುಕೊಟ್ಟಿದ್ದೇನೆ.