ನಾಲ್ಕು ಅಕ್ಷರದ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ನಾಲ್ಕು ಅಕ್ಷರ ನೋಡಿದೆ. ಐಎನ್‌ಎಫ್‌ಪಿ. ಮೊದಲು ಯಾವುದೋ ಬ್ಯಾಂಕಿನ ಕೋಡ್ ಅಂದುಕೊಂಡೆ! ಆಮೇಲೆ ನಿನ್ನಮ್ಮ ಫೋನ್ ಮಾಡಿದಳು. ಅದು ಮೈಯರ್ಸ್-ಬ್ರಿಗ್ಸ್ ಅನ್ನುವ ಸ್ವಭಾವ ಪರೀಕ್ಷೆಯಲ್ಲಿ ನಿನಗೆ ಬಂದ ಫಲಿತಾಂಶವಂತೆ, ಮೊದಲ ಅಕ್ಷರ 'ಐ' ಅಂದರೆ ಅಂತರ್ಮುಖಿಯಂತೆ, ಹಾಗಾಗಿ ನೀನು ನಾಟಕ ಮಾಡಿಸುವುದನ್ನೇ ಬಿಡುತ್ತೀಯಂತೆ. ಅದಕ್ಕೇ ಈ ಕಾಗದ.

ಆ ಪರೀಕ್ಷೆ ಕಟ್ಟಿದವರು ಅಮೆರಿಕದ ತಾಯಿ-ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್. ಇಬ್ಬರೂ ಮನಃಶಾಸ್ತ್ರ ಕಲಿತವರಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಂಗ್ ಮನುಷ್ಯರ ಸ್ವಭಾವದ ಬಗೆಗಳ ಮೇಲೆ 1921ರಲ್ಲಿ ಬರೆದ ಪುಸ್ತಕವೇ ಅವರಿಗೆ ಆಧಾರ. ಮಗಳು ಪರೀಕ್ಷೆ ಕಟ್ಟುವ ಮೊದಲು ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದವಳು. ಅಷ್ಟರ ಮಟ್ಟಿಗೆ ನನಗೆ ಅವಳ ಮೇಲೆ ಗೌರವವಿದೆ.

ಅಂತರ್ಮುಖಿ ಈಚೆ, ಬಹಿರ್ಮುಖಿ ಆಚೆ ಅಂತ ಪರೀಕ್ಷೆ ನಡುವೆ ಒಂದು ಗೆರೆ ಎಳೆಯುತ್ತದೆ. ಜನ ಜಾಸ್ತಿ ಇರುವುದೋ, ಆ ಗೆರೆಯ ಆಸುಪಾಸಿನಲ್ಲೇ. ಒಂದೆರಡು ಉತ್ತರ ಆಚೀಚೆಯಾದರೆ ಅಕ್ಷರವೇ ಬದಲು. ಕೆಲವು ವಾರ ಬಿಟ್ಟು ಮತ್ತೆ ಬರೆದಾಗ ಬೇರೆ ಅಕ್ಷರ ಬಂದವರು ಎಷ್ಟೋ ಜನ.

'ಮಾವ, ಓದಿದರೆ ಥೇಟ್ ನಾನೇ' ಅಂತೀಯ, ಅಲ್ವಾ? 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮೇಷ್ಟ್ರು 39 ವಿದ್ಯಾರ್ಥಿಗಳಿಗೆ ಬೇರೊಂದು ಸ್ವಭಾವ ಪರೀಕ್ಷೆ ಕೊಟ್ಟು, ಇದು ನಿಮ್ಮ ನಿಮ್ಮ ಸ್ವಭಾವ ಅಂತ ಚೀಟಿ ಹಂಚಿದರು. ಹುಡುಗರು ಅದಕ್ಕೆ ಐದರಲ್ಲಿ ಸರಾಸರಿ 4.26 ಅಂಕ ಕೊಟ್ಟರು. ಎಲ್ಲರ ಚೀಟಿಯಲ್ಲೂ ಇದ್ದದ್ದು ಒಂದೇ ಬರಹ. ಸಾಲುಗಳನ್ನು ಎತ್ತಿದ್ದು ಜ್ಯೋತಿಷ್ಯದ ಪುಸ್ತಕದಿಂದ.

ನಿನ್ನಜ್ಜನನ್ನು ನೀನು ನೋಡಲಿಲ್ಲ. ಮನೆಗೆ ನೆಂಟರು ಬಂದರೆ ತೋಟದ ಕಡೆ ಮೆಲ್ಲಗೆ ಜಾರುತ್ತಿದ್ದರು. ಮದುವೆಮನೆಯಲ್ಲಿ ಊಟ ಮುಗಿಸಿ ಮೊದಲು ಎದ್ದವರು ಅವರೇ. ಅದೇ ಮನುಷ್ಯ ತಾಳಮದ್ದಲೆಯಲ್ಲಿ ಕೌರವನ ಅರ್ಥ ಹೇಳಲು ಕೂತರೆ ಮುಗಿಯಿತು. ಬರೆದುಕೊಂಡ ಮಾತು ಒಂದೂ ಇಲ್ಲ, ಎದುರಿನ ಕೃಷ್ಣ ಬೆವರಬೇಕು. ಬೆಳಗಿನ ಜಾವ ಮನೆಗೆ ಬಂದು ಮತ್ತೆ ಮೌನ. 'ಜನಜಂಗುಳಿ ಇಷ್ಟವೇ?' ಅಂತ ಕೇಳಿದ್ದರೆ 'ಇಲ್ಲ' ಅನ್ನುತ್ತಿದ್ದರು. ಸುಳ್ಳೂ ಅಲ್ಲ. ಆದರೆ ಆ ಉತ್ತರದಲ್ಲಿ ಕೌರವ ಎಲ್ಲಿದ್ದಾನೆ?

ಹೋದ ವರ್ಷ ನಿನ್ನ ರಿಹರ್ಸಲ್ ನೋಡಿದ್ದೇನೆ. ನೀನು ದನಿ ಎತ್ತಲಿಲ್ಲ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದೆ. ಹುಡುಗರು ಕೇಳಿದರು. ನಾಟಕ ಮುಗಿದ ಮೇಲೆ ಎರಡು ದಿನ ಯಾರ ಮುಖವೂ ಬೇಡ ಅನಿಸುತ್ತದೆ ಅಂದೆಯಲ್ಲ, ಅದು ಆಯಾಸ. ಆಗ ಇಲ್ಲಿಗೆ ಬಾ. ಮಹಡಿಯ ಕೋಣೆ ಖಾಲಿ ಇದೆ. ಯಾರೂ ಮಾತಾಡಿಸುವುದಿಲ್ಲ, ನಿನ್ನ ಅತ್ತೆಯನ್ನು ಬಿಟ್ಟು.

ನಿನ್ನ ಮಾವ