ಪೆನಾಂಗ್ ದಿನದ ಕಾರ್ಯಕ್ರಮದಲ್ಲಿ ಬದಲಾವಣೆ: ನಮ್ಮ ಪ್ರವಾಸಿಗರಿಗೆ ಪತ್ರ

ಶಿರಸಿ

ಮಾನ್ಯರೇ,

ಬರುವ ಫೆಬ್ರವರಿಯಲ್ಲಿ ಸಿಂಗಪುರದಿಂದ ಹೊರಡುವ ಹಡಗು ಪ್ರವಾಸಕ್ಕೆ ನಮ್ಮಲ್ಲಿ ಮುಂಗಡ ಕಟ್ಟಿರುವ ತಮಗೆಲ್ಲ ನಮಸ್ಕಾರ. ಹಡಗು ಮಲೇಷ್ಯಾದ ಪೆನಾಂಗ್‌ನಲ್ಲಿ ತಂಗುವ ದಿನ ನಾವು ದಡದಲ್ಲಿ ಏರ್ಪಡಿಸುವ ಸ್ಥಳವೀಕ್ಷಣೆಯನ್ನು ಬದಲಿಸಿದ್ದೇವೆ. ಕರಪತ್ರದಲ್ಲಿ ಅಚ್ಚಾಗಿದ್ದ ಪೆನಾಂಗ್ ಬೆಟ್ಟ ಮತ್ತು ಕೆಕ್ ಲೋಕ್ ಸಿ ಬೌದ್ಧ ದೇವಾಲಯ ಎರಡನ್ನೂ ಕೈಬಿಟ್ಟು, ಇಡೀ ದಿನವನ್ನು ಜಾರ್ಜ್‌ಟೌನ್‌ನ ಹಳೆಯ ಪೇಟೆಗೇ ಮೀಸಲಿಟ್ಟಿದ್ದೇವೆ.

ಕಾರಣವನ್ನು ಮುಚ್ಚಿಡದೆ ಹೇಳಬೇಕು. ಬೆಟ್ಟವನ್ನು ಹತ್ತುವುದು ಉಕ್ಕಿನ ಹಗ್ಗ ಎಳೆಯುವ ರೈಲಿನಲ್ಲಿ. 1923ರಿಂದ ಓಡುತ್ತಿರುವ ಆ ಮಾರ್ಗದಲ್ಲಿ ಈಗಿನ ಬೋಗಿಗಳು ಹತ್ತು ನಿಮಿಷದೊಳಗೆ ಮೇಲೆ ಮುಟ್ಟಿಸುತ್ತವೆಯಾದರೂ, ಕಳೆದ ಸಲ ನಾವು ಹೋದದ್ದು ಚೀನೀ ಹೊಸ ವರ್ಷದ ರಜೆಯ ದಿನಗಳಲ್ಲಾದ್ದರಿಂದ ಇಳಿಯುವ ಸರದಿಗಾಗಿಯೇ ಒಂದೂವರೆ ಗಂಟೆ ನಿಲ್ಲಬೇಕಾಯಿತು. ಹಡಗು ಹತ್ತಲು ಕೊಟ್ಟಿದ್ದ ಗಡುವಿಗೆ ಹನ್ನೆರಡು ನಿಮಿಷ ಉಳಿದಿರುವಾಗ ನಮ್ಮ ಬಸ್ಸು ಧಕ್ಕೆಗೆ ಬಂತು. ಮಂಡಿನೋವಿನ ಅಮ್ಮನವರೊಬ್ಬರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಮಗನ ಭುಜಕ್ಕೆ ಆತುಕೊಂಡು ಓಡಿದ್ದನ್ನು ನಾವು ಮರೆತಿಲ್ಲ. ಅದು ಬಸ್ಸಿನ ಚಾಲಕರ ತಪ್ಪಲ್ಲ. ಒಂದು ದಿನಕ್ಕೆ ಐದು ಜಾಗಗಳನ್ನು ತುರುಕಿದ ನಮ್ಮ ತಪ್ಪು. ಹಡಗಿನವರೇ ನಡೆಸುವ ದಡದ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಆದರೆ ನಮ್ಮಂತೆ ಹೊರಗಿನಿಂದ ಏರ್ಪಾಡು ಮಾಡಿಕೊಂಡವರಿಗಾಗಿ ಕಾಯುವುದಿಲ್ಲ. ಈ ವ್ಯತ್ಯಾಸವನ್ನು ನಾವು ಮೊದಲೇ ತಮಗೆ ತಿಳಿಸಬೇಕಿತ್ತು.

ಹೊಸ ಕ್ರಮದಲ್ಲಿ ಬಸ್ಸೇ ಇರುವುದಿಲ್ಲ. ಹಡಗು ನಿಲ್ಲುವ ಸ್ವೆಟನ್‌ಹ್ಯಾಮ್ ಧಕ್ಕೆಯಿಂದ ಹೊರಬಂದ ಕೂಡಲೇ ವಿಕ್ಟೋರಿಯಾ ರಾಣಿಯ ನೆನಪಿನ ಗಡಿಯಾರ ಗೋಪುರ ಸಿಗುತ್ತದೆ. 1897ರಲ್ಲಿ ಆಕೆಯ ಆಳ್ವಿಕೆಗೆ ಅರವತ್ತು ವರ್ಷ ತುಂಬಿದ ಗುರುತಿಗೆ, ವರ್ಷಕ್ಕೊಂದು ಅಡಿಯಂತೆ ಅದರ ಎತ್ತರ 60 ಅಡಿ. ಅಲ್ಲಿಂದ ಹದಿನೈದು ಜನರ ಗುಂಪಿಗೊಬ್ಬ ಸ್ಥಳೀಯ ಮಾರ್ಗದರ್ಶಿಯೊಂದಿಗೆ, ನಮ್ಮ ಕನ್ನಡದ ಸಹಾಯಕರೂ ಜೊತೆಗಿದ್ದು, ಕಾರ್ನ್‌ವಾಲಿಸ್ ಕೋಟೆಯ ಪಕ್ಕದಿಂದ ಪೇಟೆಯೊಳಕ್ಕೆ ನಡೆಯುತ್ತೇವೆ. 1818ರ ಸೇಂಟ್ ಜಾರ್ಜ್ ಚರ್ಚು, ಚೀನೀಯರ ಕರುಣಾದೇವಿಯ ಗುಡಿ, 1833ರ ಮಾರಿಯಮ್ಮನ ದೇವಸ್ಥಾನ, 1801ರಲ್ಲಿ ದಕ್ಷಿಣ ಭಾರತ ಮೂಲದ ಮುಸ್ಲಿಂ ವರ್ತಕರು ಕಟ್ಟಿಸಿದ ಕಪಿತಾನ್ ಕೆಲಿಂಗ್ ಮಸೀದಿ, ಇಷ್ಟೂ ಒಂದೇ ಬೀದಿಯ ಆಸುಪಾಸಿನಲ್ಲಿವೆ. 2008ರಲ್ಲಿ ಯುನೆಸ್ಕೊ ಮಲಕ್ಕಾದ ಜೊತೆ ಈ ಪೇಟೆಯನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಳೆದ ಸಲ ಮಾರಿಯಮ್ಮನ ಗೋಪುರವನ್ನು ತಮ್ಮಲ್ಲಿ ಕೆಲವರು ಬಸ್ಸಿನ ಕಿಟಕಿಯಿಂದಷ್ಟೇ ಕಂಡಿರಿ. ಮಧ್ಯಾಹ್ನ ಬಾಗಿಲು ಹಾಕುವುದರಿಂದ ಈ ಸಲ ಬೆಳಿಗ್ಗೆಯೇ ದರ್ಶನ ಮುಗಿಸಿ, ಲಿಟಲ್ ಇಂಡಿಯಾದಲ್ಲಿ ಬಾಳೆಎಲೆಯ ಸಸ್ಯಾಹಾರಿ ಊಟ ಮಾಡಿ, ಆಮೇಲೆ ಸಮುದ್ರದ ಮೇಲೆ ಕಂಬ ನೆಟ್ಟು ಹಲಗೆ ಹಾಸಿ ಕಟ್ಟಿದ ಚ್ಯೂ ಮನೆತನದ ಕೇರಿಗೆ ಹೋಗುತ್ತೇವೆ. ಅಲ್ಲಿ ಇಂದಿಗೂ ಸಂಸಾರಗಳು ವಾಸವಾಗಿರುವುದರಿಂದ ಮನೆಯೊಳಗೆ ಇಣುಕಿ ಫೋಟೊ ತೆಗೆಯಬಾರದೆಂದು ವಿನಂತಿ.

ನಮ್ಮ ಭಾಗದವರಿಗೆ ಇನ್ನೊಂದು ಮಾತು ಹೇಳಲೇಬೇಕು. ಮಲಯ ಭಾಷೆಯಲ್ಲಿ ‘ಪಿನಾಂಗ್’ ಎಂದರೆ ಅಡಿಕೆ. ದ್ವೀಪಕ್ಕೆ ಹೆಸರು ಬಂದದ್ದೇ ಅದರಿಂದ, ಆ ರಾಜ್ಯದ ಬಾವುಟದ ನಡುವೆ ಇರುವುದೂ ಅಡಿಕೆ ಮರ. ಕಳೆದ ಸಲ ಲಿಟಲ್ ಇಂಡಿಯಾದ ಅಂಗಡಿಯೊಂದರಲ್ಲಿ ನಮ್ಮ ಹಿರಿಯರೊಬ್ಬರು ಅಡಿಕೆ ಹೋಳನ್ನು ಬೆಳಕಿಗೆ ಹಿಡಿದು ತಿರುಗಿಸಿ, ಹಲ್ಲಿನಲ್ಲಿ ಕಡಿದು, “ಒಣಗಿದ್ದು ಸಾಲದು” ಎಂದು ಮಾರುವವನಿಗೆ ತಿಳಿಹೇಳುತ್ತಿದ್ದರು. ಅಷ್ಟರಲ್ಲಿ ನಾವೇ ಅವರನ್ನು ಬಸ್ಸಿಗೆ ಅವಸರಪಡಿಸಿದೆವು. ಅಂಥ ಹೊತ್ತಿಗೆ ಈ ಬಾರಿ ಬಿಡುವಿರುತ್ತದೆ.

ನಡಿಗೆ ಒಟ್ಟು ಮೂರು ಕಿಲೋಮೀಟರಿನಷ್ಟು. ಆಗದವರಿಗೆ ಸೈಕಲ್ ರಿಕ್ಷಾ ಗೊತ್ತುಮಾಡುತ್ತೇವೆ, ಅದರ ಖರ್ಚು ನಮ್ಮದು. ಬಿಸಿಲೂ ಸೆಕೆಯೂ ಕರಾವಳಿಯ ಏಪ್ರಿಲ್‌ನಂತಿರುವುದರಿಂದ ಕೊಡೆ, ನೀರಿನ ಬಾಟಲಿ, ಸುಲಭವಾಗಿ ಬಿಚ್ಚಿ ಹಾಕಬಹುದಾದ ಪಾದರಕ್ಷೆ ಇರಲಿ. ಗಡುವಿಗೆ ಒಂದೂವರೆ ಗಂಟೆ ಮೊದಲೇ ಎಲ್ಲರೂ ಧಕ್ಕೆಯಲ್ಲಿರುತ್ತೇವೆ. ಪೆನಾಂಗ್ ಮತ್ತು ಸಿಂಗಪುರದ ಗಡಿಯಾರ ಒಂದೇ. ಮರುದಿನದ ಫುಕೆಟ್‌ನಲ್ಲಿ ಮಾತ್ರ ಒಂದು ಗಂಟೆ ಹಿಂದಿರುವುದರಿಂದ ಮೊಬೈಲನ್ನು ನಂಬದೆ, ಹಡಗಿನಲ್ಲಿ ಘೋಷಿಸುವ ಸಮಯವನ್ನೇ ಅನುಸರಿಸಬೇಕು. ಫುಕೆಟ್‌ನ ಕಾರ್ಯಕ್ರಮ ಬದಲಾಗಿಲ್ಲ.

ಬಸ್ಸು ಮತ್ತು ಬೆಟ್ಟದ ಟಿಕೆಟಿನ ಬಾಬ್ತು ತಲಾ 1,800 ರೂಪಾಯಿಯನ್ನು ತಮ್ಮ ಕೊನೆಯ ಕಂತಿನಲ್ಲಿ ಕಳೆಯುತ್ತೇವೆ. ಬೆಟ್ಟವನ್ನೇ ನೋಡಬೇಕೆಂಬ ಆಸೆಯಿಂದ ಹೆಸರು ಕೊಟ್ಟವರೂ ಇದ್ದೀರಿ. ಆ ನಿರಾಸೆ ನಮಗೆ ಅರ್ಥವಾಗುತ್ತದೆ. ತಾವು ಹಡಗಿನವರ ಪ್ರವಾಸದಲ್ಲಿ ಸೇರಲು ಬಯಸಿದರೆ ನಾವೇ ಕಾಯ್ದಿರಿಸಿ ಕೊಡುತ್ತೇವೆ, ಮತ್ತು ಪೆನಾಂಗ್ ದಿನಕ್ಕಾಗಿ ನಮಗೆ ಕೊಟ್ಟ ಹಣವನ್ನು ಪೂರ್ತಿ ಮರಳಿಸುತ್ತೇವೆ. ಹಾಗೆ ಬಯಸುವವರು ಡಿಸೆಂಬರ್ 15ರೊಳಗೆ ಕಚೇರಿಗೆ ತಿಳಿಸಬೇಕು.

ತಮ್ಮ ವಿಶ್ವಾಸಿಗಳು,
ಪಾಲುದಾರರು ಮತ್ತು ಸಿಬ್ಬಂದಿ